ಕೋಡಿಯಿಂದ ಕೋಡಿಗೆ

ಮಳೆ ಈಗಷ್ಟೇ ನಿಂತಿದೆ. ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಮೇಲ್ಭಾಗದಲ್ಲಿ ನಿಂತಿದ್ದೀರಿ. ಬಂಡೆ ಜಾರುತ್ತಿದೆ, ಚಪ್ಪಲಿ ಕೈಗೆ ತೆಗೆದುಕೊಳ್ಳಿ. ಇಲ್ಲಿ ಮಣ್ಣು ಕಡಿಮೆ, ಕಲ್ಲೇ ಹೆಚ್ಚು. ಬಿದ್ದ ನೀರು ಇಂಗುವುದಿಲ್ಲ, ಸಿಕ್ಕ ಸಂದಿಯಲ್ಲೆಲ್ಲ ಇಳಿದು ಓಡುತ್ತದೆ. ಈ ಜಿಲ್ಲೆಗೆ ವರ್ಷಕ್ಕೆ ಬೀಳುವುದು 60 ಸೆಂ.ಮೀ. ಆಸುಪಾಸಿನ ಮಳೆ. ಅಷ್ಟರಲ್ಲೇ ಪಾಳೆಯಗಾರರ ಕಾಲದಲ್ಲಿ ಈ ಗುಡ್ಡದ ಮೇಲೆ ಜನ, ದನ, ಕುದುರೆ, ಸೈನ್ಯ ಎಲ್ಲವೂ ಬದುಕಿದವು.

ಹರಿಯುವ ನೀರಿನ ಜೊತೆ ನಡೆಯಿರಿ. ಅದು ಗೋಪಾಲಸ್ವಾಮಿ ಹೊಂಡಕ್ಕೆ ಬೀಳುತ್ತದೆ. ಬೀಳುವ ಜಾಗದಲ್ಲಿ ಒಂದು ನಿಮಿಷ ಕುಕ್ಕರಗಾಲಲ್ಲಿ ಕೂತು ನೋಡಿ. ತರಗೆಲೆ, ಹುಲ್ಲುಕಡ್ಡಿ, ಆಡಿನ ಹಿಕ್ಕೆ, ನುಣ್ಣನೆಯ ಕೆಂಪು ಮಣ್ಣು ಎಲ್ಲ ಒಟ್ಟಿಗೆ ನುಗ್ಗುತ್ತವೆ. ನಾಲ್ಕು ಮಾರು ಒಳಗೆ ಹೋಗುವಷ್ಟರಲ್ಲಿ ನೀರಿನ ರಭಸ ಸಾಯುತ್ತದೆ. ರಭಸ ಸತ್ತೊಡನೆ ಮಣ್ಣಿನ ಭಾರಕ್ಕೆ ತಳವೇ ಗತಿ. ಹೊಂಡ ತುಂಬಿದ ಮೇಲೆ ಆಚೆ ಕೋಡಿಯಿಂದ ಹೊರಬೀಳುವುದು ಮೇಲಿನ ತಿಳಿನೀರು.

ಮನೆಯಂಗಳದ ಕೊಳದಲ್ಲಿ ಕೋಯಿ ಮೀನು ಸಾಕುವವರು ಪೈಪು ಹಾಕಿ ಮಾಡುವುದೂ ಇದನ್ನೇ. ಕೊಳದ ನಡುಮಧ್ಯದ ತಳದಿಂದ ನಾಲ್ಕಿಂಚಿನ ಪೈಪು ಹೊರಟು ಪಕ್ಕದ ತೊಟ್ಟಿಗೆ ಸೇರುತ್ತದೆ. ಕೊಳದ ನೀರಿನ ಮಟ್ಟ, ತೊಟ್ಟಿಯ ಮಟ್ಟ ಎರಡೂ ಒಂದೇ. ಕೊಳೆ ಅಲ್ಲಿ ಕೂರುತ್ತದೆ. ಮುಂದಿನ ತೊಟ್ಟಿಯಲ್ಲಿ ಬ್ರಷ್ಷು, ಸ್ಪಾಂಜು. ಅದರಾಚೆಯದರಲ್ಲಿ ಬ್ಯಾಕ್ಟೀರಿಯಾಗಳು ಮೀನು ಹೊರಹಾಕುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತವೆ. ಪಂಪು ಇವೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ. ಮೊದಲೇ ಇಟ್ಟರೆ ಅದು ಕೊಳೆಯನ್ನು ಅರೆದು ನೀರಿಗೆ ಕಲಸಿಬಿಡುತ್ತದೆ, ಆಮೇಲೆ ಯಾವ ಜರಡಿಗೂ ಸಿಗುವುದಿಲ್ಲ. ತೊಟ್ಟಿಯ ತಳದ ವಾಲ್ವು ತಿರುಗಿಸಿ ಬಿಟ್ಟ ಕಪ್ಪು ನೀರು ಹೊಸದುರ್ಗದಲ್ಲಾದರೆ ತೆಂಗಿಗೆ, ಹೊಳಲ್ಕೆರೆಯಲ್ಲಾದರೆ ಅಡಿಕೆಗೆ ಒಳ್ಳೆಯ ಗೊಬ್ಬರ.

ಕೋಟೆಯಲ್ಲಿ ಪಂಪೂ ಇಲ್ಲ, ವಾಲ್ವೂ ಇಲ್ಲ. ಎತ್ತರವೇ ನೀರನ್ನು ನಡೆಸುತ್ತದೆ. ಹೂಳನ್ನು ಮಾತ್ರ ಬೇಸಿಗೆಯಲ್ಲಿ ತಳ ಕಂಡಾಗ ಮನುಷ್ಯರೇ ಎತ್ತಬೇಕು.

ಇಳಿಯುತ್ತಾ ಹೋದರೆ ಅಕ್ಕ ತಂಗಿ ಹೊಂಡ. ಮೇಲಿನ ಹೊಂಡ ಬಿಟ್ಟುಕೊಟ್ಟ ನೀರು ಇಲ್ಲಿ ಮತ್ತೆ ನಿಂತು, ಉಳಿದ ಮಣ್ಣನ್ನೂ ಇಳಿಸಿ ಮುಂದೆ ಹೊರಡುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಅದು ತುಂಬಿದರೆ ಊರೊಳಗಿನ ಸಂತೆಹೊಂಡ. ಮೆಟ್ಟಿಲಿಳಿದು ಸಂತೆಹೊಂಡದ ನೀರು ಮುಟ್ಟಿದಾಗ, ಗುಡ್ಡದ ತುದಿಯ ಮಳೆ ಹೊಂಡದಿಂದ ಹೊಂಡಕ್ಕೆ ಸೋಸಿಕೊಂಡು ಬಂದು ನಿಮ್ಮ ಬೆರಳಿಗೆ ತಗಲುತ್ತದೆ. ಈ ಹೊಂಡಗಳ ಸಾಲನ್ನು ಕಟ್ಟಿದವರ ಹೆಸರು ನಮ್ಮಲ್ಲಿ ಒನಕೆ ಓಬವ್ವನ ಹೆಸರಿನಷ್ಟು ಓಡಾಡದಿರುವುದು ನನಗೆ ನೋವಿನ ಸಂಗತಿ. 1779ರಲ್ಲಿ ಹೈದರಾಲಿಗೆ ಸೋಲುವವರೆಗೂ ಮುತ್ತಿಗೆ ಮೇಲೆ ಮುತ್ತಿಗೆ ಕಂಡ ಕೋಟೆ ಇದು. ಕುಡಿಯುವ ನೀರಿಲ್ಲದಿದ್ದರೆ ಒನಕೆ ಹಿಡಿಯಲು ಯಾರು ಉಳಿಯುತ್ತಿದ್ದರು?

ಇಂದು ಊರಿನ ನಲ್ಲಿಗೆ ನೀರು ಪಂಪಿನ ಬಲದಿಂದ ಬರುತ್ತದೆ: ಶಾಂತಿಸಾಗರದಿಂದ, ಹಿರಿಯೂರಿನ ವಾಣಿವಿಲಾಸ ಸಾಗರದಿಂದ. 1907ರಲ್ಲಿ ಮುಗಿದ ವಾಣಿವಿಲಾಸ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಹಾಗಿರುವಾಗ ಗುಡ್ಡದ ಮೇಲೆ ಪುಕ್ಕಟೆಯಾಗಿ ನಡೆಯುವ ವ್ಯವಸ್ಥೆಯನ್ನು ನೋಡುವ ವಸ್ತುವಾಗಿ ಮಾತ್ರ ಇಟ್ಟುಕೊಳ್ಳುವುದು ಸರಿಯಲ್ಲ. ಕೋಡಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಬಾಟಲಿ, ಕಾಲುವೆಯಲ್ಲಿ ಬೇರು ಬಿಟ್ಟ ಗಿಡ, ತಳದ ಹೂಳು ಮುಂಗಾರಿಗೆ ಮೊದಲೇ ಹೊರಬರಬೇಕು. ಆ ಕೆಲಸ ಗೋಪಾಲಸ್ವಾಮಿ ಹೊಂಡದಿಂದಲೇ ಶುರುವಾಗಲಿ. ಸಂತೆಹೊಂಡವನ್ನು ಮೊದಲು ತೊಳೆದರೆ, ಮುಂದಿನ ದೊಡ್ಡ ಮಳೆಗೆ ಮೇಲಿನ ಕೊಳೆಯೆಲ್ಲ ಅಲ್ಲಿಗೇ ಇಳಿಯುತ್ತದೆ.