ಠಾಣೆಯ ಮಳೆಗೆ ಯಾವ ಅಂಜೂರ?



ಅಂಜೂರದ ಗಿಡ ನಮ್ಮ ಠಾಣೆ ಜಿಲ್ಲೆಯಲ್ಲಿ ಬೆಳೆಯುವುದೇ ಎಂದು ಕೇಳಿದರೆ ಉತ್ತರ ಸುಲಭ. ಧಾರಾಳವಾಗಿ ಬೆಳೆಯುತ್ತದೆ. ಹಣ್ಣು ಬಾಯಿಗೆ ಸಿಕ್ಕೀತೇ ಎಂಬುದು ಬೇರೆಯೇ ಪ್ರಶ್ನೆ. ಊರಿನಿಂದ ಬಳ್ಳಾರಿ ಅಂಜೂರದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವ ಆಸೆ ನಿಮ್ಮಲ್ಲಿ ಕೆಲವರಿಗಿದೆ. ತರಬೇಡಿ ಎನ್ನಲಾರೆ. ಆದರೆ ಬಳ್ಳಾರಿಗೆ ವರ್ಷವಿಡೀ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ಡೊಂಬಿವಲಿ, ಕಲ್ಯಾಣಗಳಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುವುದುಂಟು.

ಮೊದಲು ಒಂದು ಸಂಶಯ ಕಳೆಯೋಣ. ಅತ್ತಿಹಣ್ಣು ಬಿಡಿಸಿದರೆ ಬರೀ ಹುಳ ಎಂಬ ಅಜ್ಜಿಯರ ಮಾತು ಕೇಳಿ ಅಂಜೂರವನ್ನೂ ಮುಟ್ಟದವರಿದ್ದಾರೆ. ಅತ್ತಿ, ಅಂದರೆ ಇಲ್ಲಿಯವರ ಉಂಬರ, ಅಂಜೂರದ ದಾಯಾದಿಯೇ. ಅದರೊಳಗಿರುವುದು ಪರಾಗ ಹೊತ್ತು ಬರುವ ಪುಟ್ಟ ಕಣಜ. ನಾವು ನೆಡುವ ಸಾಮಾನ್ಯ ಅಂಜೂರಕ್ಕೆ ಆ ಕಣಜ ಬೇಕಿಲ್ಲ. ಟರ್ಕಿಯ ಸ್ಮಿರ್ನಾ ಜಾತಿಗೆ ಮಾತ್ರ ಬೇಕೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ 1880ರ ದಶಕದಲ್ಲಿ ನೆಟ್ಟ ಸ್ಮಿರ್ನಾ ಮರಗಳು ಹೀಚುಗಾಯಿಗಳನ್ನೇ ಉದುರಿಸುತ್ತಿದ್ದವು. 1899ರಲ್ಲಿ ಕಣಜ ನೆಲೆಯೂರಿದ ಮೇಲಷ್ಟೇ ಫಸಲು. ದುಬಾರಿ ವಿದೇಶಿ ಕಡ್ಡಿ ಮಾರುವವರನ್ನು ಇದೊಂದು ಮಾತು ತಪ್ಪದೆ ಕೇಳಿ.

ಇನ್ನು ಮುಖ್ಯ ವಿಷಯ, ಹಣ್ಣಿನ ಕಣ್ಣು. ತೊಟ್ಟಿನ ಎದುರು ತುದಿಯಲ್ಲಿ ಒಂದು ರಂಧ್ರವಿರುತ್ತದಲ್ಲ, ಅದು ಅಗಲವಾಗಿದ್ದರೆ ಮಳೆನೀರು, ನೊಣ, ಇರುವೆ ಎಲ್ಲಕ್ಕೂ ಹೆಬ್ಬಾಗಿಲು. ಹಣ್ಣು ಗಿಡದಲ್ಲೇ ಹುಳಿಯುತ್ತದೆ. ಅಮೆರಿಕದ ಲೂಯಿಸಿಯಾನ ನಮ್ಮಂತೆಯೇ ಬೆವರುವ ಸೀಮೆ; ಅಲ್ಲಿ ಜನ ಮೆಚ್ಚಿದ ಸೆಲೆಸ್ಟ್ ತಳಿಯ ಕಣ್ಣು ಮುಚ್ಚಿಕೊಂಡಿರುತ್ತದೆ. ಹ್ಯೂಸ್ಟನ್ನಿನ ಅಣ್ಣನೋ ಅಕ್ಕನೋ ಹೊಗಳಿದರೆ ನಂಬಬಹುದು. ಅವರು ಕಡ್ಡಿಯನ್ನು ಸೂಟ್‌ಕೇಸಿನಲ್ಲಿಟ್ಟು ತರುವುದು ಮಾತ್ರ ಬೇಡ, ಅದಕ್ಕೆ ಸರಕಾರದ ಅನುಮತಿ ಬೇಕು.

ನನ್ನ ಆಯ್ಕೆ ಪೂನಾ ಅಂಜೂರ. ಸಸಿ ಸುಲಭವಾಗಿ ಸಿಗುತ್ತದೆ, ಡ್ರಮ್ಮಿನಲ್ಲೂ ಬಾಳುತ್ತದೆ. ಅದೂ ಒಣ ಸೀಮೆಯ ಕೂಸೇ ಅನ್ನಿ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಪುರಂದರದ ಅಂಜೂರ ಬೆಳೆಯುವುದು ಸಹ್ಯಾದ್ರಿಯ ಆಚೆ, ಮಳೆ ತಲುಪದ ಮಗ್ಗುಲಲ್ಲಿ. ಮರಾಠವಾಡದ ದಿನಕರ್ ತಳಿಯೂ ಅಷ್ಟೇ. ಎರಡನೆಯ ಗಿಡಕ್ಕೆ ಜಾಗವಿದ್ದರೆ ಬ್ರೌನ್ ಟರ್ಕಿ ಇಡಿ, ಅಥವಾ ಕ್ಯಾಲಿಫೋರ್ನಿಯಾದವರು ರೂಪಿಸಿದ, ಬೇಗ ಕೆಡದ ಕೊನಾಡ್ರಿಯಾ.

ಇಷ್ಟೆಲ್ಲ ರಗಳೆ ಏಕೆ, ವಾಶಿ ಮಾರುಕಟ್ಟೆಯಲ್ಲಿ ಡಬ್ಬಿಗಟ್ಟಲೆ ಸಿಗುವುದಿಲ್ಲವೇ ಎನ್ನುವಿರಿ. ನನ್ನ ತಾಯಿ ಬಳ್ಳಾರಿ ಸೀಮೆಯವರು, ಈಗ ಪ್ರಯಾಣ ಅವರಿಂದಾಗದು. ಪೇಟೆಯ ಹಣ್ಣು ಕಚ್ಚಿ, "ಇದು ಇನ್ನೂ ಎರಡು ದಿನ ಮರದಲ್ಲಿರಬೇಕಿತ್ತು," ಎನ್ನುತ್ತಾರೆ. ಅವರ ಮಾತು ದಿಟ. ಬಾಳೆ, ಮಾವುಗಳಂತೆ ಅಂಜೂರ ಕಿತ್ತ ಮೇಲೆ ಸಿಹಿಯಾಗುವುದಿಲ್ಲ. ದೂರ ಸಾಗಿಸುವವರು ಪೂರ್ತಿ ಮಾಗುವ ಮೊದಲೇ ಕೀಳಬೇಕಾಗುತ್ತದೆ. ಕತ್ತು ಬಾಗಿಸಿ, ಮೆತ್ತಗಾಗಿ, ಸಿಪ್ಪೆಯಲ್ಲಿ ಸಣ್ಣ ಬಿರುಕು ಬಿಟ್ಟ ಹಣ್ಣು ಬೇಕಾದರೆ ಗಿಡ ಮನೆಯಲ್ಲೇ ಇರಬೇಕು. ಕಳೆದ ಏಪ್ರಿಲ್‌ನಲ್ಲಿ ಅಂಥವು ಹದಿನಾಲ್ಕು ಸಿಕ್ಕವು. ಬುಲ್‌ಬುಲ್ ಹಕ್ಕಿ ಎಷ್ಟು ತಿಂದಿತೋ ಲೆಕ್ಕವಿಲ್ಲ. ಈ ವರ್ಷ ಬಲೆ ಕಟ್ಟಿದ್ದೇನೆ.

ತಳಿಯಷ್ಟೇ ಮುಖ್ಯ ಕಾಲ. ಮಹಾರಾಷ್ಟ್ರದ ರೈತರು ಮಳೆಗಾಲದ ಫಸಲನ್ನು ಖಟ್ಟಾ ಬಹಾರ್, ಬೇಸಿಗೆಯದನ್ನು ಮೀಠಾ ಬಹಾರ್ ಎನ್ನುತ್ತಾರೆ. ಹೆಸರೇ ಸಾಕಲ್ಲ! ಮಳೆಗಾಲದ ಕಾಯಿಗಳ ಆಸೆ ಬಿಟ್ಟು ಕಿತ್ತುಬಿಡಿ. ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಹೊತ್ತಿಗೆ ಕೊಂಬೆ ಸವರಿ ಗೊಬ್ಬರ ಕೊಡಿ. ಹೊಸ ಚಿಗುರಿನಲ್ಲೇ ಕಾಯಿ ಕಚ್ಚುತ್ತದೆ. ಜೂನ್ ಮಳೆಗೆ ಮುನ್ನ ಫಸಲು ಮುಗಿಯಬೇಕು. ಸವರುವಾಗ ಬರುವ ಹಾಲು ಚರ್ಮ ಸುಡುತ್ತದೆ, ಕೈಚೀಲ ಹಾಕಿಕೊಳ್ಳಿ.

ಮಳೆಗಾಲದಲ್ಲಿ ಎಲೆಯಡಿ ಕಂದು ಪುಡಿ ಕಂಡೀತು. ಅದು ತುಕ್ಕು ರೋಗ, ಒಂದು ಶಿಲೀಂಧ್ರ. ಈ ತೇವದಲ್ಲಿ ಯಾವ ತಳಿಯೂ ಪೂರ್ತಿ ಪಾರಾಗದು. ಗಿಡ ಬೋಳಾದರೆ ಸತ್ತಿತೆಂದು ಎಸೆಯಬೇಡಿ. ಉದುರಿದ ಎಲೆಗಳನ್ನು ಆರಿಸಿ ದೂರ ಹಾಕಿ, ಡ್ರಮ್ಮಿನ ಬುಡದ ತೂತು ಕಟ್ಟಿಲ್ಲವೇ ನೋಡಿ, ಅಕ್ಟೋಬರ್‌ವರೆಗೆ ಕಾಯಿರಿ. ಬೇಕಾದವರಿಗೆ ಆಗ ಸವರಿದ ಕಡ್ಡಿಗಳನ್ನು ಸಂಘದ ಕಚೇರಿಯಲ್ಲಿ ಇಟ್ಟಿರುತ್ತೇನೆ.