ನನ್ನನ್ನು ಜಾಜಾ ಎಂದು ಕರೆದ ದಿನ

ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯದ ದಿನ ಎದುರಾಳಿ ತಂಡದ ಹುಡುಗನೊಬ್ಬ ನನ್ನನ್ನು ನೋಡಿ "ಏಯ್ ಜಾಜಾ!" ಎಂದು ಕೂಗಿದ. ಅದು ಬೈಗುಳ ಎಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಜಾಜಾ ಯಾರೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ಅವರ ತಂಡದ ಒಳ್ಳೆಯ ಶೂಟರ್ ಮೂಲೆಯಿಂದ ಹಾರಿ ಚೆಂಡು ಎಸೆದ. ತಡೆಯಲು ನಾನು ಓಡಿದೆ. ಕೆಳಗಿಳಿಯುವಾಗ ಅವನ ಕಾಲು ನನ್ನ ಶೂ ಮೇಲೆ ಬಿತ್ತು, ಪಾದ ತಿರುಚಿತು. ಇಬ್ಬರು ಎತ್ತಿಕೊಂಡು ಹೋದರು. ಎರಡು ಅಂಕಗಳಿಂದ ನಾವು ಗೆದ್ದೆವು. ನಮ್ಮವರೂ ಜೋರಾಗಿ ಚಪ್ಪಾಳೆ ತಟ್ಟಲಿಲ್ಲ. "ಬೇಕೂಂತ ಮಾಡಿದ್ದಲ್ಲ ಸರ್" ಎಂದು ಪಿ.ಟಿ. ಸರ್ ಹತ್ತಿರ ನಾಲ್ಕು ಸಲ ಹೇಳಿದೆ. ಅವರು "ಆಯ್ತು, ಬಸ್ ಹತ್ತು" ಎಂದರು.

ರಾತ್ರಿ ಕಾಕನ ಮೊಬೈಲಿನಲ್ಲಿ ಹುಡುಕಿದೆ. ಜಾಜಾ ಪಚುಲಿಯಾ. ಜಾರ್ಜಿಯಾ ದೇಶದವರು. ಅಮೆರಿಕದಲ್ಲೂ ಜಾರ್ಜಿಯಾ ಎಂಬ ರಾಜ್ಯವಿದೆ, ಇದು ಅದಲ್ಲ, ಕಾಕಸಸ್ ಬೆಟ್ಟಗಳ ನಡುವಿನ ಸಣ್ಣ ದೇಶ. 1984ರಲ್ಲಿ ರಾಜಧಾನಿ ಟಿಬಿಲಿಸಿಯಲ್ಲಿ ಹುಟ್ಟಿದರು. ಅವರಿಗೆ ಏಳು ವರ್ಷವಾದಾಗ ಸೋವಿಯತ್ ಒಕ್ಕೂಟ ಒಡೆಯಿತು, ಅವರ ಊರಿನ ಬೀದಿಗಳಲ್ಲೇ ಅಂತರ್ಯುದ್ಧ ನಡೆಯಿತು. ಹದಿನೈದರ ಹರೆಯಕ್ಕೇ ಮನೆ ಬಿಟ್ಟು ಟರ್ಕಿಯ ಇಸ್ತಾಂಬುಲ್‌ಗೆ ಆಡಲು ಹೋದರು. ನಾವು ಹತ್ತನೇ ತರಗತಿಯಲ್ಲಿರುವ ವಯಸ್ಸು ಅದು. ಹಾಸ್ಟೆಲ್‌ಗೆ ಬಂದ ಮೊದಲ ವಾರ ನಾನು ಉಮ್ಮನಿಗೆ ದಿನಕ್ಕೆ ಮೂರು ಸಲ ಫೋನ್ ಮಾಡಿದ್ದೆ, ಅದಿರಲಿ.

2003ರ ಎನ್‌ಬಿಎ ಆಯ್ಕೆಯಲ್ಲಿ ಅವರಿಗೆ ಸಿಕ್ಕಿದ್ದು 42ನೇ ಸ್ಥಾನ, ತಂಡ ಒರ್ಲ್ಯಾಂಡೊ. ಒಂದೇ ವರ್ಷಕ್ಕೆ ಶಾರ್ಲೆಟ್‌ನ ಹೊಸ ತಂಡ ಅವರನ್ನು ಎತ್ತಿಕೊಂಡಿತು. ಅಲ್ಲಿ ಒಂದು ಪಂದ್ಯವನ್ನೂ ಆಡುವ ಮೊದಲೇ ಮಿಲ್ವಾಕಿಗೆ ದಾಟಿಸಿತು. ಆಮೇಲೆ ಅಟ್ಲಾಂಟಾದಲ್ಲಿ ಎಂಟು ವರ್ಷ, ಮತ್ತೆ ಮಿಲ್ವಾಕಿ, ಡಲ್ಲಾಸ್, ಗೋಲ್ಡನ್ ಸ್ಟೇಟ್, ಕೊನೆಗೆ ಡೆಟ್ರಾಯಿಟ್. ಒಟ್ಟು ಹದಿನಾರು ಋತು. ದೊಡ್ಡ ತಾರೆ ಅಲ್ಲ. ಅವರ ಕೆಲಸ ರೀಬೌಂಡ್ ಹಿಡಿಯುವುದು, ಮತ್ತು ತನ್ನ ಆರಡಿ ಹನ್ನೊಂದು ಇಂಚಿನ ಮೈಯನ್ನು ಗೋಡೆಯ ಹಾಗೆ ನಿಲ್ಲಿಸಿ ಕರ್ರಿಯಂಥವರಿಗೆ ಎಸೆಯಲು ಜಾಗ ಮಾಡಿಕೊಡುವುದು. 2017 ಮತ್ತು 2018ರಲ್ಲಿ ಗೋಲ್ಡನ್ ಸ್ಟೇಟ್ ಜೊತೆ ಚಾಂಪಿಯನ್ ಆದರು.

ಜನ ನೆನಪಿಟ್ಟುಕೊಂಡದ್ದು ಇದ್ಯಾವುದನ್ನೂ ಅಲ್ಲ, 2017ರ ಮೇ 14ನ್ನು. ಸ್ಯಾನ್ ಆಂಟೋನಿಯೊ ತಂಡ ಇಪ್ಪತ್ತಕ್ಕೂ ಹೆಚ್ಚು ಅಂಕ ಮುಂದಿತ್ತು. ಕವಾಯ್ ಲಿಯೊನಾರ್ಡ್ ಹಾರಿ ಚೆಂಡು ಎಸೆದರು, ಅವರು ಇಳಿಯುವ ಜಾಗಕ್ಕೆ ಪಚುಲಿಯಾ ಅವರ ಪಾದ ಜಾರಿಕೊಂಡು ಬಂತು. ಲಿಯೊನಾರ್ಡ್ ಆ ಸರಣಿಯಲ್ಲಿ ಮತ್ತೆ ಆಡಲಿಲ್ಲ. ಗೋಲ್ಡನ್ ಸ್ಟೇಟ್ ಪಂದ್ಯವನ್ನು 113-111ರಿಂದ ಗೆದ್ದಿತು. ಎರಡು ಅಂಕ! ಅದನ್ನು ಓದಿದಾಗ ನನಗೆ ಮೈ ಜುಂ ಎಂದಿತು. ಎದುರಾಳಿ ಕೋಚ್ ಪಾಪೊವಿಚ್ ಇದು ಅಪಾಯಕಾರಿ ಆಟ, ಇಂಥದ್ದು ಅವರಿಗೆ ಹೊಸದಲ್ಲ ಎಂದು ಬಹಿರಂಗವಾಗಿ ಹೇಳಿದರು. ಬೇಕೆಂದು ಮಾಡಿದ್ದಲ್ಲ ಎಂದರು ಪಚುಲಿಯಾ. ತನ್ನ ಹೆಂಡತಿ ಮಕ್ಕಳಿಗೂ ಬೆದರಿಕೆ ಬಂತೆಂದು ಹೇಳಿಕೊಂಡರು. ಅದಂತೂ ಅನ್ಯಾಯ. ಮಕ್ಕಳೇನು ಮಾಡಿದ್ದರು?

ಮುಂದಿನ ಋತುವಿನಿಂದ ಎನ್‌ಬಿಎ ಹೊಸ ಸೂಚನೆ ತಂದಿತು. ಶೂಟರ್ ಇಳಿಯುವ ಜಾಗದಲ್ಲಿ ಅಜಾಗರೂಕತೆಯಿಂದ ಕಾಲಿಟ್ಟರೆ, ರೆಫರಿಗಳು ವಿಡಿಯೊ ನೋಡಿ ಶಿಕ್ಷೆ ಹೆಚ್ಚಿಸಬಹುದು. ಜನ ಅದನ್ನು ಜಾಜಾ ನಿಯಮ ಎಂದೇ ಕರೆದರು. ಹದಿನಾರು ಋತು ದುಡಿದವರ ಹೆಸರು ಒಂದು ತಪ್ಪಿಗೆ ಅಂಟಿಕೊಂಡಿತು.

ಆ ವಿಡಿಯೊವನ್ನು ಎಷ್ಟು ಸಲ ನೋಡಿದೆನೋ. ಅವರ ಮನಸ್ಸಿನಲ್ಲಿ ಏನಿತ್ತೆಂದು ಪಾದ ನೋಡಿ ಹೇಳಲಾಗುವುದಿಲ್ಲ. ಆ ನಿಯಮ ಮನಸ್ಸನ್ನು ಕೇಳುವುದೂ ಇಲ್ಲ, ಕಾಲು ಎಲ್ಲಿತ್ತು ಎಂದಷ್ಟೇ ಕೇಳುತ್ತದೆ. ಮೊಬೈಲ್ ಕೆಳಗಿಟ್ಟಾಗ ನನ್ನದೇ ಕಾಲು ನೆನಪಾಯಿತು. ಚೆಂಡು ನನಗೆ ಸಿಗುವುದಿಲ್ಲ ಎಂದು ಆಗಲೇ ಗೊತ್ತಾಗಿತ್ತು. ಆದರೂ ಇನ್ನೊಂದು ಹೆಜ್ಜೆ ಇಟ್ಟಿದ್ದೆ. ಅವನನ್ನು ಬೀಳಿಸಲು ಅಲ್ಲ, ಹೆದರಿಸಲು. ಇದನ್ನು ಸರ್ ಹತ್ತಿರ ಹೇಳಿರಲಿಲ್ಲ.

ಮರುದಿನ ಹೇಳಿದೆ. ಅವರು ಬೈಯಲಿಲ್ಲ. ಆ ಕಾಲೇಜಿನ ಪಿ.ಟಿ. ಸರ್‌ಗೆ ಫೋನ್ ಮಾಡಿ ಹುಡುಗನ ನಂಬರ್ ತೆಗೆದುಕೊಟ್ಟರು. ಕರೆ ಮಾಡಲು ನನಗೆ ಎರಡು ದಿನ ಬೇಕಾಯಿತು.

"ಬೇಕೂಂತ ಮಾಡಿದ್ಯಾ?" ಎಂದು ಅವನು ನೇರವಾಗಿ ಕೇಳಿದ.

"ಅಲ್ಲ. ಆದ್ರೆ ನಿಲ್ಬಹುದಿತ್ತು, ನಿಲ್ಲಲಿಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ, "ಮೂಳೆಗೆ ಏನೂ ಆಗಿಲ್ಲ. ಮೂರು ವಾರ ಓಡಬಾರದಂತೆ" ಎಂದ. ಜಾಜಾ ಎಂದು ಕೂಗಿದವನು ಯಾರೆಂದು ಕೇಳಿದೆ. "ನನ್ನ ತಮ್ಮ. ಅವನಿಗೆ ಇನ್ನೂ ಸಿಟ್ಟು ಹೋಗಿಲ್ಲ" ಎಂದ.