ಹೌಸಿ ಇಲ್ಲದ ಒಂದು ಪಾರ್ಟಿ

ಮುಂಬಯಿಯಲ್ಲಿ ಯಾವ ಪಾರ್ಟಿಯಾದರೂ ಕೊನೆಗೆ ಹೌಸಿಗೆ ಬಂದು ನಿಲ್ಲುತ್ತದೆ. ಹುಟ್ಟುಹಬ್ಬವಿರಲಿ, ಗಣಪತಿಯ ರಾತ್ರಿಯಿರಲಿ, ಡಿಸೆಂಬರ್ 31 ಇರಲಿ, ಊಟಕ್ಕೆ ಇನ್ನೂ ಒಂದು ಗಂಟೆ ಇದೆ ಎನ್ನುವಾಗ ಯಾರಾದರೊಬ್ಬರು ಚೀಟಿಯ ಕಟ್ಟು ತೆಗೆಯುತ್ತಾರೆ. ಮೂರು ಸಾಲು, ಒಂಬತ್ತು ಕಾಲಮ್ಮು, 1ರಿಂದ 90ರೊಳಗಿನ ಹದಿನೈದು ಅಂಕಿ. ಜಲ್ದಿ ಫೈವ್, ಮೇಲಿನ ಸಾಲು, ಕೆಳಗಿನ ಸಾಲು, ಫುಲ್ ಹೌಸ್. ಈ ಊರಿಗೆ ಹೌಸಿ ಒಗ್ಗಿರುವುದಕ್ಕೆ ಕಾರಣವಿದೆ. ಅದಕ್ಕೆ ಜಾಗ ಬೇಡ, ಭಾಷೆ ಬೇಡ, ಪಕ್ಕದಲ್ಲಿ ಕೂತವರ ಹೆಸರೂ ಗೊತ್ತಿರಬೇಕಾಗಿಲ್ಲ. ನನಗೆ ಅದರ ಮೇಲಿರುವ ತಕರಾರೂ ಅದೇ. ಒಂದು ಗಂಟೆ ಜೊತೆಗೆ ಕೂತರೂ ಎಲ್ಲರ ಕಣ್ಣು ಅವರವರ ಚೀಟಿಯಲ್ಲಿ.

ಕಳೆದ ದೀಪಾವಳಿ ರಜೆಯಲ್ಲಿ ನಮ್ಮ ಬಿಲ್ಡಿಂಗಿನ ಮಕ್ಕಳ ಪಾರ್ಟಿಯ ಜವಾಬ್ದಾರಿ ನನಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಹೌಸಿಯನ್ನು ಪಟ್ಟಿಯಿಂದ ಹೊಡೆದುಹಾಕಿದ್ದು. ಸೆಕ್ರೆಟರಿ ಕಾಕಾ, "ಆಮೇಲೆ ದೊಡ್ಡವರು ಏನು ಮಾಡಬೇಕು?" ಎಂದು ಕೇಳಿದರು. ಮಕ್ಕಳ ಜೊತೆ ಕೆಳಗೆ ಬಂದು ಕೂರಲಿ ಎಂದೆ.

ಈ ಸಲದ ಪಾರ್ಟಿ ಸ್ವಲ್ಪ ಬೇರೆಯದು ಎಂಬುದು ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಚೆಂಬೂರಿನ ತಿಲಕ್ ನಗರವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮ್ಹಾಡಾದ ಹಳೆಯ ನಾಲ್ಕಂತಸ್ತಿನ ಕಟ್ಟಡಗಳು ಒಂದೊಂದಾಗಿ ಬಿದ್ದು ಆ ಜಾಗದಲ್ಲಿ ಟವರುಗಳು ಏಳುತ್ತಿವೆ. ನಮ್ಮ ಸರದಿಯೂ ಬಂದಿತ್ತು. ಜನವರಿ ಕೊನೆಯೊಳಗೆ ಖಾಲಿ ಮಾಡಬೇಕು, ಮೂರು ವರ್ಷ ಬಾಡಿಗೆ ಮನೆ, ಆಮೇಲೆ ಹೊಸ ಫ್ಲ್ಯಾಟು. ಕಾಗದದಲ್ಲಿ ಹಾಗಿದೆ. ಮೂರು ವರ್ಷ ಅಂದದ್ದು ಏಳೆಂಟಾದ ಕತೆ ಈ ಊರಲ್ಲಿ ಎಲ್ಲರ ನೆಂಟರಲ್ಲೂ ಒಂದೊಂದಿರುತ್ತದೆ, ಹಾಗಾಗಿ ಯಾರೂ ಆ ಅಂಕಿಯನ್ನು ಗಟ್ಟಿಯಾಗಿ ಹೇಳುವುದಿಲ್ಲ. ಚೆಂಬೂರು ಇಂಥದಕ್ಕೆ ಹೊಸದೂ ಅಲ್ಲ. ರಾಜ್ ಕಪೂರರ ಆರ್.ಕೆ. ಸ್ಟುಡಿಯೋ 2017ರಲ್ಲಿ ಬೆಂಕಿಗೆ ಸಿಕ್ಕಿ, 2019ರಲ್ಲಿ ಕಟ್ಟಡ ಕಂಪೆನಿಯ ಕೈಸೇರಿತು. ಅದೇ ಹಾಗಾದ ಮೇಲೆ ನಮ್ಮ ಬಿಲ್ಡಿಂಗಿನ ಲೆಕ್ಕವೇನು. ಆದರೆ ಆ ಸ್ಟುಡಿಯೋದ ಅಂಗಳದಲ್ಲಿ ನನ್ನ ಮಗಳು ಸೈಕಲ್ ಕಲಿತಿರಲಿಲ್ಲ, ಇಲ್ಲಿ ಕಲಿತಿದ್ದಳು.

ಮಕ್ಕಳು ಒಟ್ಟು ಹದಿನಾರು. ಮರಾಠಿ, ಮಾಲ್ವಣಿ, ತಮಿಳು, ಗುಜರಾತಿ, ತುಳು, ಕನ್ನಡ, ಎಲ್ಲ ಸೇರಿ ಆಡುವುದು ಬಂಬಯ್ಯಾ ಹಿಂದಿ. ಐದು ವರ್ಷದಿಂದ ಹದಿಮೂರರವರೆಗೆ. ಎಲ್ಲರಿಗೂ ಹಿಡಿಸುವಂಥದ್ದು ಬೇಕು, ಖರ್ಚು ಎರಡು ಸಾವಿರ ದಾಟಬಾರದು, ಮೊಬೈಲು ಮುಟ್ಟುವಂತಿಲ್ಲ.

ಕಿಲ್ಲಾದಿಂದ ಶುರುಮಾಡಿದೆವು. ಊರಿನಿಂದ ಬಂದ ಹೊಸತರಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ ಮಹಾರಾಷ್ಟ್ರದ ಸಂಗತಿ ಇದು. ದೀಪಾವಳಿ ಬಂತೆಂದರೆ ಮಕ್ಕಳು ಕಲ್ಲು, ಇಟ್ಟಿಗೆ, ಗೋಣಿತಾಟು, ಕೆಂಪು ಮಣ್ಣು ಸೇರಿಸಿ ಅಂಗಳದ ಮೂಲೆಯಲ್ಲಿ ಕೋಟೆ ಕಟ್ಟುತ್ತಾರೆ. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ, ಮೆಟ್ಟಿಲ ಮೇಲೆ ಮಣ್ಣಿನ ಮಾವಳೆ ಸೈನಿಕರು, ಕೆಳಗೆ ಒಂದು ಹಳ್ಳಿ, ಬಾವಿ, ಎಮ್ಮೆ. ಎಮ್ಮೆ ಕೆಲವೊಮ್ಮೆ ಬುರುಜಿಗಿಂತ ದೊಡ್ಡದಿರುತ್ತದೆ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಇಳಿಜಾರಿನಲ್ಲಿ ಸಾಸಿವೆ ಅಥವಾ ರಾಗಿ ಚೆಲ್ಲಿ ದಿನವೂ ನೀರು ಚಿಮುಕಿಸಿದರೆ ಹಬ್ಬಕ್ಕೆ ಸರಿಯಾಗಿ ಹಸಿರು ಏಳುತ್ತದೆ. ಮಾಡುವವರಿಗೆ ಒಂದು ಮಾತು: ಬೀಜವನ್ನು ಐದಾರು ದಿನ ಮೊದಲೇ ಹಾಕಿ. ಹಬ್ಬದ ದಿನ ಹಾಕಿದರೆ ಶಿವಾಜಿ ಬೋಳುಗುಡ್ಡದ ಮೇಲೆ ಕೂರಬೇಕಾಗುತ್ತದೆ.

ಕಿಲ್ಲಾದ ಮಣ್ಣು ಕಲಸುವಾಗ ನಾಲ್ಕನೇ ಮಹಡಿಯ ಹುಡುಗನೊಬ್ಬ ಕೇಳಿದ, "ಹೊಸ ಬಿಲ್ಡಿಂಗಿನಲ್ಲಿ ಕಿಲ್ಲಾ ಎಲ್ಲಿ ಮಾಡೋದು?" ನಕ್ಷೆ ನೋಡಿದವರಿಗೆ ಉತ್ತರ ಗೊತ್ತಿತ್ತು. ಕೆಳಗೆ ಪಾರ್ಕಿಂಗ್, ಅದರ ಮೇಲೆ ಪೋಡಿಯಂ, ಪೋಡಿಯಂ ಮೇಲೆ ಟೈಲ್ಸು. ಮಣ್ಣು ಇರುವುದು ಹೂಕುಂಡದಲ್ಲಿ. ಸೆಕ್ರೆಟರಿ ಕಾಕಾ, "ಅಲ್ಲಿ ಜಿಮ್ ಇದೆ ಬೇಟಾ" ಎಂದರು. ಹುಡುಗ ಅವರನ್ನು ಒಂದು ಕ್ಷಣ ನೋಡಿ ಮತ್ತೆ ಮಣ್ಣಿಗೆ ಕೈಹಾಕಿದ.

ಎರಡನೆಯದು ಕಂದೀಲು. ನಮ್ಮ ಕಡೆ ಗೂಡುದೀಪ ಎನ್ನುವುದು, ಇಲ್ಲಿ ಆಕಾಶಕಂದೀಲ್. ಮಂಗಳೂರಿನ ಕುದ್ರೋಳಿ ದೇವಸ್ಥಾನದಲ್ಲಿ ಗೂಡುದೀಪದ ಸ್ಪರ್ಧೆಯೇ ನಡೆಯುತ್ತದೆ, ಇಲ್ಲಿ ಮಾಹಿಮಿನಲ್ಲಿ ಒಂದು ಗಲ್ಲಿಗೆ ಕಂದೀಲ್ ಗಲ್ಲಿ ಎಂದೇ ಹೆಸರು. ಎರಡರ ಅಸ್ಥಿಪಂಜರ ಒಂದೇ ಎಂಬುದು ಮಾಡಲು ಕೂತಾಗ ತಿಳಿಯುತ್ತದೆ. ಒಂದೇ ಅಳತೆಯ 24 ಬಿದಿರುಕಡ್ಡಿ ಬೇಕು. ಹದಿನಾರರಲ್ಲಿ ನಾಲ್ಕು ಚೌಕ ಕಟ್ಟಿ, ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಒಂದರ ಪಕ್ಕದ ಮೂಲೆಯನ್ನು ಇನ್ನೊಂದಕ್ಕೆ ದಾರದಿಂದ ಬಿಗಿದು ಬಳೆಯಂತೆ ಮಾಡಬೇಕು. ಉಳಿದ ಎಂಟರಲ್ಲಿ ನಾಲ್ಕು ಮೇಲಿನ ಮೂಲೆಗಳನ್ನು ಸೇರಿಸಲು, ನಾಲ್ಕು ಕೆಳಗಿನವನ್ನು ಸೇರಿಸಲು. ಬದಿಗೆ ನಾಲ್ಕು ಚೌಕ, ಎಂಟು ತ್ರಿಕೋನ ತಾವಾಗಿ ಬಂದು ನಿಲ್ಲುತ್ತವೆ. ಮೈದಾ ಬೇಯಿಸಿದ ಅಂಟಿನಲ್ಲಿ ಬಣ್ಣದ ಕಾಗದ ಹಚ್ಚಿ, ಮೇಲೆ ಬಾಯಿ ಬಿಟ್ಟು, ಕೆಳಗೆ ಬಾಲ ಇಳಿಬಿಟ್ಟರೆ ಮುಗಿಯಿತು. ಹೇಳಲು ಸುಲಭ. ಕಡ್ಡಿ ಒಂದು ಬೆರಳು ಹೆಚ್ಚುಕಡಿಮೆಯಾದರೂ ಇಡೀ ಗೂಡು ಸೊಟ್ಟ. ಅಪ್ಪಂದಿರು ಕೆಳಗಿಳಿದು ಬಂದದ್ದು ಆಗಲೇ. ಎಂಜಿನಿಯರುಗಳು ಮೂರು ಜನ ಇದ್ದರು. ಅವರು ಚರ್ಚಿಸುತ್ತಿದ್ದಂತೆ ವಾಚ್‌ಮನ್ ಕತ್ತಿ ತೆಗೆದು ಕಡ್ಡಿಗಳನ್ನು ಸಮ ಮಾಡಿಕೊಟ್ಟ.

ಲಗೋರಿಯ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಕನ್ನಡದಲ್ಲೂ ಮರಾಠಿಯಲ್ಲೂ ಹೆಸರು ಒಂದೇ, ಬೈಕುಗಳನ್ನು ಸರಿಸುವುದರಲ್ಲಿ ಅರ್ಧ ಗಂಟೆ ಹೋಯಿತು, ಚೆಂಡು ಎರಡು ಸಲ ಗಟಾರಕ್ಕೆ ಬಿತ್ತು.

ನಾನು ಮನಸ್ಸಿಟ್ಟು ಯೋಜಿಸಿದ್ದು ಚೆನ್ನೆಮಣೆ. ಮರದ ಮಣೆ ನಮ್ಮಲ್ಲಿ ಒಂದೇ ಇತ್ತು, ಅಮ್ಮ ಊರಿನಿಂದ ಬರುವಾಗ ಸೀರೆಯೊಳಗೆ ಸುತ್ತಿ ತಂದದ್ದು. ಹದಿನಾರು ಮಕ್ಕಳಿಗೆ ಎಂಟು ಬೇಕು. ಮೂವತ್ತು ಮೊಟ್ಟೆಯ ಟ್ರೇ ನೆನಪಿಗೆ ಬಂತು. ಐದು ಸಾಲು, ಸಾಲಿಗೆ ಆರು ಗುಳಿ. ಎರಡೆರಡು ಸಾಲು ಕತ್ತರಿಸಿದರೆ ಹನ್ನೆರಡು ಗುಳಿಯ ಎರಡು ತುಂಡು. ಉಳಿದ ಒಂದು ಸಾಲಿನಿಂದ ಒಂದೊಂದಕ್ಕೂ ಎರಡು ಗುಳಿ ಅಂಟಿಸಿದರೆ ಹದಿನಾಲ್ಕು ಗುಳಿಯ ಎರಡು ಮಣೆ ಸಿದ್ಧ, ಎರಡು ಗುಳಿ ಮಿಕ್ಕುತ್ತದೆ. ನಾಲ್ಕು ಟ್ರೇಗೆ ಎಂಟು ಮಣೆ. ಮಕ್ಕಳು ಬಣ್ಣ ಬಳಿದು, ಕನ್ನಡಿ ಚೂರು ಅಂಟಿಸಿ, ಒಬ್ಬಳು ಗುಳಿಗಳಿಗೆ ಸ್ಟೇಷನ್ನುಗಳ ಹೆಸರು ಬರೆದು, ಮಣೆಯನ್ನು ಹಾರ್ಬರ್ ಲೈನ್ ಮಾಡಿದಳು.

ಇನ್ನು ಬೀಜ. ಗುಳಿಗೆ ನಾಲ್ಕರಂತೆ ಮಣೆಗೆ 56, ಎಂಟಕ್ಕೆ 448. ಊರಲ್ಲಾದರೆ ಕೆಂಪು ಮಂಜೊಟ್ಟಿ ಕಾಯಿ, ಘಟ್ಟದ ಮೇಲಿನ ಅಳಗುಳಿಮಣೆಗೆ ಹುಣಸೆಬೀಜ. ಇಲ್ಲಿ ಅಂಗಡಿಯ ಹುಣಸೆಹಣ್ಣಿಗೆ ಬೀಜವೇ ಇರುವುದಿಲ್ಲ. ಅರ್ಧ ಕಿಲೋ ರಾಜ್ಮಾ ತಂದೆ.

ಅಮ್ಮ ಇದನ್ನೆಲ್ಲ ಎರಡು ದಿನ ಸುಮ್ಮನೆ ನೋಡಿದವರು ಮೂರನೆಯ ದಿನ ಹೇಳಿದರು, "ದೀಪಾವಳಿಗೆ ಯಾರಾದರೂ ಚೆನ್ನೆ ಆಡುತ್ತಾರಾ? ಅದು ಆಟಿ ತಿಂಗಳ ಆಟ." ನಮ್ಮಲ್ಲಿ ಮಳೆ ಹಿಡಿದು ಗದ್ದೆ ಕೆಲಸ ನಿಂತಾಗ ಮಣೆ ಕೆಳಗಿಳಿಯುತ್ತದೆ, ಆಟಿ ಮುಗಿದರೆ ಅಟ್ಟ ಸೇರುತ್ತದೆ. ಮುಂಬಯಿಯಲ್ಲಿ ಆಟಿಯಲ್ಲಿ ರಜೆ ಎಲ್ಲಿದೆ ಅಮ್ಮಾ ಎಂದೆ. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಆದರೆ ಇನ್ನೊಂದು ವಿಷಯದಲ್ಲಿ ಅವರು ಜಗ್ಗಲಿಲ್ಲ. "ಅಕ್ಕತಂಗಿಯರನ್ನು ಎದುರುಬದುರು ಕೂರಿಸಬೇಡ." ನಮ್ಮ ಬಿಲ್ಡಿಂಗಿನಲ್ಲಿ ಅಂಥ ಜೋಡಿಗಳು ಮೂರು. ಕೂರುವ ವ್ಯವಸ್ಥೆಯನ್ನು ಅಮ್ಮನೇ ಮಾಡಿದರು.

ಆಟದ ನಿಯಮ ಹೇಳಿಕೊಡುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಒಂದು ಗುಳಿಯ ಬೀಜ ಎತ್ತಿ ಒಂದೊಂದೇ ಹಂಚುತ್ತಾ ಹೋಗುವುದು, ಕೈ ಖಾಲಿಯಾದರೆ ಮುಂದಿನ ಗುಳಿಯದನ್ನು ಎತ್ತುವುದು, ಮುಂದಿನದು ಬರಿದಾಗಿದ್ದರೆ ಅದರಾಚೆಯದು ನಿನ್ನದು. ಎದುರುಮನೆಯ ಪಾಟಿ ಬಗ್ಗಿ ನೋಡಿ, "ಇದು ನಮ್ಮ ಪಲ್ಲಾಂಗುಳಿ" ಎಂದರು. ಗುಳಿಯಲ್ಲಿ ನಾಲ್ಕು ತುಂಬಿದರೆ ‘ಪಸು’, ಅದು ಆ ಕಡೆಯವರಿಗೆ ಸಲ್ಲಬೇಕು ಎಂದು ತಿದ್ದುಪಡಿಯನ್ನೂ ತಂದರು. ನಮ್ಮ ಕನ್ನಡದ ಅಳಗುಳಿಮಣೆಯಲ್ಲೂ ಅದಕ್ಕೆ ಹಸುವಿನ ಹೆಸರೇ. ಆಫ್ರಿಕಾದಿಂದ ಫಿಲಿಪ್ಪೀನ್ಸಿನವರೆಗೆ ಗುಳಿ ಮತ್ತು ಬೀಜದ ಈ ಆಟ ಬೇರೆಬೇರೆ ಹೆಸರಲ್ಲಿದೆ, ಎಲ್ಲೆಡೆಯೂ ಅಜ್ಜಿಯಂದಿರು ನಿಯಮದ ಬಗ್ಗೆ ಹೀಗೇ ಜಗಳವಾಡುತ್ತಿರಬೇಕು.

ಅಕ್ಕತಂಗಿಯರು ಯಾಕೆ ಆಡಬಾರದು ಎಂದು ಕೇಳಿದವರು ನೆಲಮಹಡಿಯ ಆಜಿ. ಅಮ್ಮನಿಗೆ ಮರಾಠಿ ಬರುವುದಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಆದರೂ ಹೇಳಿದರು. ಅಮ್ಮನ ಊರು ನಂದಳಿಕೆಯ ಹತ್ತಿರ, ಸಿರಿ ಜಾತ್ರೆ ನೋಡುತ್ತ ಬೆಳೆದವರು. ಸಿರಿಯ ಮಗಳು ಸೊನ್ನೆ, ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ ದಾರಗ. ಹಿರಿಯರು ಮನೆಯಲ್ಲಿಲ್ಲದಾಗ ಬೇಡವೆಂದ ಚೆನ್ನೆಮಣೆಯನ್ನು ತೆಗೆದು ಆಡಲು ಕೂರುತ್ತಾರೆ. ಆಟದಲ್ಲಿ ಜಗಳ ಬಂದು ಅಬ್ಬಗ ಅದೇ ಮಣೆಯಿಂದ ದಾರಗಳ ತಲೆಗೆ ಹೊಡೆಯುತ್ತಾಳೆ. ತಂಗಿ ಸತ್ತಳೆಂದು ತಿಳಿದ ಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಯನ್ನು ಫಿನ್ಲೆಂಡಿನ ಲೌರಿ ಹೋಂಕೊ ದಾಖಲಿಸಿ 1998ರಲ್ಲಿ ಅಚ್ಚು ಮಾಡಿಸಿದ್ದು ಹದಿನೈದು ಸಾವಿರ ಸಾಲಿಗೂ ಮಿಕ್ಕಿದೆ. ಅಮ್ಮ ತಮ್ಮ ತುಂಡು ಹಿಂದಿಯಲ್ಲಿ, ನಡುವೆ ತುಳು ಸೇರಿಸಿ, ಐದು ನಿಮಿಷದಲ್ಲಿ ಮುಗಿಸಿದರು. ಬಾವಿಗೆ ಹಾರುವುದನ್ನು ಕೈಯಲ್ಲಿ ತೋರಿಸಿದರು. ಆಟ ನಿಂತುಹೋಗಿತ್ತು. ಮಕ್ಕಳೆಲ್ಲ ಬಾಯ್ತೆರೆದು ಕೂತಿದ್ದರು. ಆಮೇಲೆ ಒಬ್ಬಳು ಕೇಳಿದಳು, "ಗೆಲ್ಲುತ್ತಾ ಇದ್ದದ್ದು ಯಾರು?"

"ದಾರಗ," ಎಂದರು ಅಮ್ಮ. "ಸೋತವರು ಹೊಡೆಯುವುದು."

ಈ ಆಜಿಯ ಬಗ್ಗೆ ಹೇಳಬೇಕು. ಎಪ್ಪತ್ತೆಂಟು ವರ್ಷ. ಮದುವೆಯಾಗಿ ಬಂದದ್ದು ಇದೇ ಮನೆಗೆ, ಬೇರೆ ಮನೆ ಕಂಡವರಲ್ಲ. ಒಪ್ಪಿಗೆ ಪತ್ರಕ್ಕೆ ಎಲ್ಲರಿಗಿಂತ ಕೊನೆಗೆ ಸಹಿ ಹಾಕಿದವರು, ಅದೂ ಡೊಂಬಿವಲಿಯಿಂದ ಮಗ ಬಂದು ಎರಡು ದಿನ ಕೂತ ಮೇಲೆ. ಅಂದಿನಿಂದ ಅವರು ಕೆಳಗೆ ಬೆಂಚಿನ ಮೇಲೆ ಕೂರುವುದನ್ನೇ ಬಿಟ್ಟಿದ್ದರು. ಸೆಕ್ರೆಟರಿ ಕಾಕಾರ ಮುಖ ನೋಡಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಂದು ಯಾಕೆ ಹೊರಗೆ ಬಂದರೋ. ಕತೆ ಮುಗಿದ ಮೇಲೆ ಎದ್ದು ಒಳಹೋದರು. ಬೇಸರವಾಯಿತೇನೋ ಎಂದುಕೊಂಡೆವು. ಒಂದು ಸ್ಟೀಲಿನ ಡಬ್ಬಿ ಹಿಡಿದು ಹಿಂದೆ ಬಂದರು. ಒಳಗೆ ಬೂದುಬಣ್ಣದ ಐದು ಗಟ್ಟಿ ಬೀಜ. ಸಾಗರ್‌ಗೋಟೆ. ನಮ್ಮ ಗಜ್ಜುಗ.

ನೆಲದ ಮೇಲೆ ಸೆರಗು ಬಿಗಿದು ಕೂತು, ಒಂದನ್ನು ಮೇಲಕ್ಕೆ ಹಾರಿಸಿ, ಅದು ಬೀಳುವಷ್ಟರಲ್ಲಿ ಕೆಳಗಿನ ಒಂದನ್ನು ಎತ್ತಿ, ಎರಡನ್ನೂ ಹಿಡಿದರು. ಆಮೇಲೆ ಎರಡೆರಡು, ಆಮೇಲೆ ಮೂರು, ಆಮೇಲೆ ನಾಲ್ಕೂ ಒಟ್ಟಿಗೆ. ಬೆರಳು ಸಂಧಿವಾತದಿಂದ ಸೊಟ್ಟಗಾಗಿತ್ತು, ಬೀಜ ಮಾತ್ರ ಒಂದೂ ಬೀಳಲಿಲ್ಲ. ಹುಡುಗಿಯರು ಸುತ್ತ ಮುತ್ತಿದರು. ಕ್ರಿಕೆಟ್ ಬಿಟ್ಟು ಬೇರೇನೂ ಬೇಡವೆನ್ನುವ ಹದಿಮೂರರ ಹುಡುಗ ನಾನು ಮಾಡುತ್ತೇನೆಂದು ಬಂದು ಮೊದಲ ಎಸೆತದಲ್ಲೇ ಬೀಳಿಸಿದ. ಆಜಿ ನಕ್ಕದ್ದನ್ನು ನಾನು ಆರು ತಿಂಗಳಲ್ಲಿ ಕಂಡಿರಲಿಲ್ಲ. ಸೆಕ್ರೆಟರಿ ಕಾಕಾ ಮೆಲ್ಲಗೆ ಬಂದು ನಿಂತರು. ಆಜಿ ಮುಖ ಎತ್ತದೆ ಬೀಜಗಳನ್ನು ಅವರ ಕಡೆ ತಳ್ಳಿದರು. ಕಾಕಾ ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡು ಕೂತು ಆಡಿ ಸೋತರು. ಇಬ್ಬರೂ ಬೇರೇನೂ ಮಾತಾಡಲಿಲ್ಲ.

ಬೀಜಗಳನ್ನು ನಾಳೆವರೆಗೆ ಕೊಡಿ ಆಜಿ ಎಂದು ನನ್ನ ಮಗಳು ಬೇಡಿಕೊಂಡಳು. ಆಜಿ ಕೊಡಲಿಲ್ಲ. ಎಣಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಒಳಗೆ ಒಯ್ದರು. ಸರಿಯಾಗಿಯೇ ಮಾಡಿದರು. ಪ್ಯಾಕಿಂಗಿನ ಗದ್ದಲದಲ್ಲಿ ನಮ್ಮ ಮನೆಯಿಂದಲೇ ಏನೇನೋ ಕಳೆದುಹೋಗಿದೆ.

ಜನವರಿ ಇಪ್ಪತ್ತರ ಹೊತ್ತಿಗೆ ಮೆಟ್ಟಿಲ ಮೇಲೆ ಟೆಂಪೋದವರ ಕಾಲ್ಸಪ್ಪಳ. ಯಾರು ಎಲ್ಲಿಗೆ ಎಂಬುದು ಬಾಡಿಗೆಯ ಮೇಲೆ ತೀರ್ಮಾನವಾಯಿತು. ಉಲ್ವೆ, ಬದಲಾಪುರ, ಡೊಂಬಿವಲಿ, ಕಲ್ವಾ. ಶಾಲೆಗಾಗಿ ಚೆಂಬೂರಿನಲ್ಲೇ ಉಳಿದವರು ನಾವು ಮೂರು ಮನೆಯವರು. ಕಿಲ್ಲಾವನ್ನು ಯಾರೂ ಒಡೆಯಲಿಲ್ಲ. ನೀರಿಲ್ಲದೆ ಸಾಸಿವೆ ಒಣಗಿತ್ತು, ಮಾವಳೆಗಳನ್ನು ಮಕ್ಕಳು ಹಂಚಿಕೊಂಡು ಹೋದರು. ಮೊಟ್ಟೆ ಟ್ರೇಯ ಮಣೆಗಳನ್ನು ಮಾಡಿದವರೇ ಒಯ್ದರು. ಉಳಿದ ರಾಜ್ಮಾವನ್ನು ಬೇಯಿಸೋಣವೆಂದರೆ, ಆಡಿದ ಬೀಜವನ್ನು ತಿನ್ನಬಾರದು ಎಂದರು ಅಮ್ಮ. ಅಂಥದೊಂದು ಶಾಸ್ತ್ರ ಮೊದಲು ಕೇಳಿದ ನೆನಪಿಲ್ಲ.

ಮಗಳ ಗೆಳತಿ ಈಗ ಉಲ್ವೆಯಲ್ಲಿದ್ದಾಳೆ. ಭಾನುವಾರ ಸಂಜೆ ಇಬ್ಬರೂ ವೀಡಿಯೋ ಕಾಲಿನಲ್ಲಿ ಚೆನ್ನೆ ಆಡುತ್ತಾರೆ. ಇಲ್ಲೊಂದು ಮಣೆ, ಅಲ್ಲೊಂದು ಮಣೆ. ಅವಳು ಹಂಚಿದ್ದನ್ನು ಇವಳು ತನ್ನ ಮಣೆಯಲ್ಲಿ ಹಂಚಬೇಕು, ಇವಳದ್ದನ್ನು ಅವಳು. ನೆಟ್‌ವರ್ಕ್ ನಿಂತು ಶುರುವಾಗುವಷ್ಟರಲ್ಲಿ ಒಂದು ಬೀಜ ಆಚೀಚೆಯಾಗಿ ಎರಡು ಮಣೆಯ ಲೆಕ್ಕ ತಾಳೆಯಾಗುವುದಿಲ್ಲ. ಕಳೆದ ವಾರ ಹಾಗೇ ಆಗಿ, ನೀನು ಮೋಸ, ನೀನೇ ಮೋಸ ಎಂದು ಕಿರುಚಾಟ ಎದ್ದಿತು. ಅಡುಗೆಮನೆಯಿಂದ ಅಮ್ಮ ಕೂಗಿ ಹೇಳಿದರು, "ಮಗಾ, ಮೊದಲು ಆ ಮಣೆಯನ್ನು ಕೆಳಗಿಡು."